ಚಹಾ ಅಗ್ಗವಾಗಿತ್ತು ಸ್ವಾಮಿ!

ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದೇ ಕಥೆ. ಬ್ರಿಟಿಷರು ಚಹಾದ ಮೇಲೆ ತೆರಿಗೆ ಹಾಕಿದರು, ಅಮೆರಿಕದವರು ಚಹಾವನ್ನು ಸಮುದ್ರಕ್ಕೆ ಎಸೆದರು, ಸ್ವಾತಂತ್ರ್ಯ ಬಂತು. ಸ್ಕೂಲಿನಲ್ಲಿ ನಾವು ಓದಿದ್ದೂ ಇಷ್ಟೇ. 'ಬೋಸ್ಟನ್ ಟೀ ಪಾರ್ಟಿ' ಅಂದರೆ ಎಲ್ಲರೂ ಕೂತು ಟೀ ಕುಡಿದ ಔತಣ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ತಮಾಷೆ ಏನು ಗೊತ್ತಾ? 1773ರ ಆ ಚಹಾ ಕಾನೂನಿನಿಂದ (ಟೀ ಆಕ್ಟ್) ಚಹಾದ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿ (ಹೌದು, ನಮ್ಮ ತಲೆ ಮೇಲೆ ಕೂತ ಅದೇ ಕಂಪನಿ) ಆಗ ಸಾಲದಲ್ಲಿ ಮುಳುಗಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಚೀನಾದ ಚಹಾ ಮಾರಾಟವಾಗದೆ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ಅಗ್ಗಕ್ಕೆ ಮಾರಿಕೊಳ್ಳಿ ಅಂತ ಪಾರ್ಲಿಮೆಂಟ್ ಬಿಟ್ಟಿತು. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ 1767ರಿಂದಲೂ ಇದ್ದದ್ದೇ. ಆದರೆ ಅಗ್ಗ ಅಂತ ಕುಡಿದರೆ, ತಮ್ಮ ಪ್ರತಿನಿಧಿಯೇ ಇಲ್ಲದ ಆ ಪಾರ್ಲಿಮೆಂಟಿಗೆ ಸುಂಕ ಹಾಕುವ ಹಕ್ಕಿದೆ ಅಂತಲೂ ಒಪ್ಪಿಕೊಂಡ ಹಾಗೆ. ಊರಿನ ವ್ಯಾಪಾರಿಗಳ, ಕಳ್ಳಸಾಗಣೆದಾರರ ಹೊಟ್ಟೆಗೂ ಹೊಡೆತ. ಅವರ ಕೂಗನ್ನು ಪೂರ್ತಿ ದೇಶಪ್ರೇಮ ಅಂತ ನಾನಂತೂ ನಂಬುವುದಿಲ್ಲ. ಜೊತೆಗೆ ಈ ಕಂಪನಿ ಬಂಗಾಳದಲ್ಲಿ ಏನು ಮಾಡಿತು ಅನ್ನೋದು ಅಮೆರಿಕದವರಿಗೂ ತಿಳಿದಿತ್ತು. ನಾಳೆ ನಮ್ಮ ಗತಿಯೂ ಅಷ್ಟೇ ಅಂತ ಬರೆದವರಿದ್ದರು. ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರು ಸೇರಿತು.

ಅಷ್ಟಕ್ಕೇ ಯುದ್ಧ ಆಗಬೇಕಿರಲಿಲ್ಲ. 1765ರಲ್ಲಿ ಪತ್ರಿಕೆ, ಕೋರ್ಟ್ ಕಾಗದ, ಇಸ್ಪೀಟ್ ಎಲೆಗೂ ಸ್ಟಾಂಪ್ ತೆರಿಗೆ ಹಾಕಿದಾಗ ಗಲಾಟೆ ಆಗಿತ್ತು. ಮರುವರ್ಷ ಅದನ್ನು ವಾಪಸ್ ತಗೊಂಡರು, ಜನ ತಣ್ಣಗಾದರು. ಈ ಸಲವೂ ದಾರಿಯಿತ್ತು. ಚೆಲ್ಲಿದ ಚಹಾದ ದುಡ್ಡು ಕೊಟ್ಟುಬಿಡೋಣ ಅಂತ ಅಮೆರಿಕದವರ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಹೇಳಿದ್ದ.

ಲಂಡನ್ನಿಗೆ ದುಡ್ಡಿಗಿಂತ ಜಾಸ್ತಿ ಬೇಕಾಗಿದ್ದು ಯಜಮಾನ ಯಾರು ಅಂತ ತೋರಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. 1774ರಲ್ಲಿ ಬೋಸ್ಟನ್ ಬಂದರನ್ನೇ ಮುಚ್ಚಿದರು. ಚಹಾ ಮುಟ್ಟದ ಕೂಲಿಯವನ ಗಂಜಿಗೂ ಕಲ್ಲು ಬಿತ್ತು. ಇನ್ನೊಂದು ಕಾನೂನು ಇದಕ್ಕಿಂತ ಕೆಟ್ಟದ್ದು. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಊರುಗಳಲ್ಲಿ ಜನ ತಾವೇ ಸೇರಿ ರಸ್ತೆ, ಶಾಲೆ, ತೆರಿಗೆ ಅಂತ ತೀರ್ಮಾನ ಮಾಡುವ ಊರಸಭೆಗಳಿದ್ದವು. ಗವರ್ನರ್ ಅಪ್ಪಣೆ ಇಲ್ಲದೆ ಇನ್ನು ವರ್ಷಕ್ಕೆ ಒಂದೇ ಸಭೆ ಅಂದರು. ಅಷ್ಟೇ ಅಲ್ಲ, ಜಡ್ಜ್‌ಗಳು ಗವರ್ನರ್ ಹಿಡಿತಕ್ಕೆ, ಜೂರಿ ಆರಿಸುವ ಕೆಲಸ ಗವರ್ನರ್ ನೇಮಿಸುವ ಷೆರಿಫ್ ಕೈಗೆ. ಸಾಲಕ್ಕೆ ಹೊಲ ಹೋಗುವುದು ಇದೇ ಕೋರ್ಟುಗಳಲ್ಲಿ ತಾನೇ? ಚಹಾದ ಗೊಡವೆಯೇ ಇಲ್ಲದ ರೈತನಿಗೆ ಈಗ ಚುರುಕು ಮುಟ್ಟಿತು.

ನನ್ನ ಪ್ರಕಾರ ಅಮೆರಿಕ ಕೈತಪ್ಪಿದ್ದು ಬೋಸ್ಟನ್ ಬಂದರಿನಲ್ಲಲ್ಲ, ವೂಸ್ಟರ್ ಅನ್ನುವ ಒಳನಾಡಿನ ಊರಿನಲ್ಲಿ. (ಅದನ್ನು ಬರೆಯೋದು ಒಂಥರಾ, ಕರೆಯೋದು ಒಂಥರಾ. ನಮ್ಮ ಹುಡುಗರು ಅಲ್ಲಿಗೆ ಓದಲು ಹೋದಾಗ ತಡವರಿಸುವುದು ಇಲ್ಲೇ.) 1774ರ ಸೆಪ್ಟೆಂಬರ್ 6. ಅವತ್ತು ಕೋರ್ಟ್ ಶುರುವಾಗಬೇಕಿತ್ತು. 37 ಊರುಗಳಿಂದ ಸುಮಾರು 4,600 ಜನ ಬಂದು ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತರು. ಸೈನ್ಯ ಕಳಿಸುವ ಯೋಚನೆಯಲ್ಲಿದ್ದ ಬ್ರಿಟಿಷ್ ಸೇನಾಪತಿ ಜನರಲ್ ಗೇಜ್ ಕೊನೆಗೆ ಕಳಿಸಲಿಲ್ಲ. ಜಡ್ಜ್‌ಗಳು, ಅಧಿಕಾರಿಗಳು ಹ್ಯಾಟು ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯಬೇಕಾಯಿತು. ಹೆಜ್ಜೆ ಹೆಜ್ಜೆಗೂ ನಿಂತು, ಹೊಸ ಕಾನೂನಿನಡಿ ಕೆಲಸ ಮಾಡುವುದಿಲ್ಲ ಅಂತ ಓದಬೇಕು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಅಂದರೆ ಇನ್ನೊಮ್ಮೆ. ಹೀಗೆ ಮೂವತ್ತಕ್ಕೂ ಹೆಚ್ಚು ಸಲ! ಒಂದು ಗುಂಡು ಹಾರಲಿಲ್ಲ, ಒಂದು ಹನಿ ರಕ್ತ ಬೀಳಲಿಲ್ಲ. ರಾಜನ ಆಡಳಿತ ಮಾತ್ರ ಆ ಜಿಲ್ಲೆಯಲ್ಲಿ ಅವತ್ತಿಗೆ ಮುಗಿಯಿತು.

ಬೋಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಯುದ್ಧದ ಮೊದಲ ಗುಂಡು ಹಾರಿದ್ದು ಇದಾಗಿ ಏಳು ತಿಂಗಳಿಗೆ, 1775ರ ಏಪ್ರಿಲ್ 19ರಂದು. ಆಮೇಲೂ ಅವರ ಕಾಂಗ್ರೆಸ್ಸು (ಅಲ್ಲಿನ ವಸಾಹತುಗಳ ಪ್ರತಿನಿಧಿಗಳ ಸಭೆ) ಸ್ವಾತಂತ್ರ್ಯ ಕೇಳಲಿಲ್ಲ. ಜುಲೈನಲ್ಲಿ ರಾಜಿಗೆ ಒಂದು ಮನವಿ ಕಳಿಸಿತು. ಬ್ರಿಟನ್ನಿನ ರಾಜ ಮೂರನೇ ಜಾರ್ಜ್ ಅದನ್ನು ಕೈಗೆ ತಗೊಳ್ಳದೆ, ಇವರೆಲ್ಲ ದಂಗೆಕೋರರು ಅಂತ ಸಾರಿಬಿಟ್ಟ. ಮುಂದಿನ ಜುಲೈನಲ್ಲಿ ಕಾಂಗ್ರೆಸ್ಸು ಸ್ವಾತಂತ್ರ್ಯ ಘೋಷಿಸಿತು, ರಾಜಿಯ ಕಥೆ ಮುಗಿಯಿತು.

ಎಲ್ಲರ ಸ್ವಾತಂತ್ರ್ಯವೂ ಅಲ್ಲ ಅದು, ಅಲ್ವಾ? ಘೋಷಣೆ ಬರೆದ ಜೆಫರ್ಸನ್ನನ ಜಮೀನಿನಲ್ಲೇ ಗುಲಾಮರಿದ್ದರು. ಬಂಡುಕೋರ ಯಜಮಾನರನ್ನು ಬಿಟ್ಟು ಬಂದು ನಮ್ಮ ಕಡೆ ಹೋರಾಡಿದರೆ ಬಿಡುಗಡೆ ಅಂತ ಬ್ರಿಟಿಷ್ ಗವರ್ನರ್ ಡನ್ಮೋರ್ 1775ರಲ್ಲಿ ಹೇಳಿದಾಗ, ನೂರಾರು ಗುಲಾಮರು ಅವನ ಕಡೆಗೇ ಓಡಿದರು. ಅವರ ಲೆಕ್ಕ ಅವರಿಗೆ.

1778ರಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ಸೇರಿದ ಮೇಲೆ ಬೆಂಕಿ ನಮ್ಮ ಕಡೆಗೂ ಬಂತು. ಫ್ರೆಂಚರ ಮಾಹೆ ಬಂದರನ್ನು ಇಂಗ್ಲಿಷರು 1779ರಲ್ಲಿ ಹಿಡಿದರು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದುದೇ ಆ ದಾರಿಯಲ್ಲಿ. 1780ರಲ್ಲಿ ಅವನು ಇಂಗ್ಲಿಷರ ಮಿತ್ರ ನವಾಬನ ಆರ್ಕಾಟಿನ ಮೇಲೆ ನುಗ್ಗಿದ. ಸುದ್ದಿ ಅಟ್ಲಾಂಟಿಕ್ ದಾಟಿತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದವರ ಹಡಗಿನ ಹೆಸರು 'ಹೈದರ್ ಅಲಿ'.