ಬೈಪ್ಯಾಪ್ ಎಂದರೆ ಐಸಿಯುನೇ ಆಗಬೇಕೆ?

ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇರುವವರಿಗೆ ಉಸಿರಾಟ ಬಿಗಡಾಯಿಸಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ, ಪಿಎಚ್ 7.35ಕ್ಕಿಂತ ಇಳಿದರೆ (ಎಂದರೆ ರಕ್ತ ಆಮ್ಲೀಯವಾದರೆ), ಮಾಸ್ಕ್ ಕಟ್ಟಿ ಬೈಪ್ಯಾಪ್ (ಒತ್ತಡದಿಂದ ಗಾಳಿ ದೂಡಿ ಉಸಿರಾಟಕ್ಕೆ ನೆರವಾಗುವ ಯಂತ್ರ) ಕೊಡಬೇಕು. ಇದರಲ್ಲಿ ಕರ್ನಾಟಕಕ್ಕೂ ನಾನಿರುವ ಇಂಗ್ಲೆಂಡಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನವಾಗಿರುವುದು ರೋಗಿಯ ಮಂಚ ಎಲ್ಲಿರಬೇಕು ಎಂಬುದು. ನಮ್ಮೂರ ಖಾಸಗಿ ಆಸ್ಪತ್ರೆಗಳಲ್ಲಿ ಬೈಪ್ಯಾಪ್ ಎಂದ ಕೂಡಲೇ ಸಾಮಾನ್ಯವಾಗಿ ಐಸಿಯು ಬಾಗಿಲು ತೆರೆಯುತ್ತದೆ, ಬಿಲ್ಲೂ ಅದರ ಜೊತೆಗೇ ಏರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಐಸಿಯು ಭರ್ತಿಯಾಗಿದ್ದರೆ ಬೆಂಗಳೂರಿಗೋ ಮೈಸೂರಿಗೋ ರೆಫರ್. ದಾರಿಯುದ್ದಕ್ಕೂ ಆಂಬ್ಯುಲೆನ್ಸಿನಲ್ಲಿ ಹತ್ತು ಲೀಟರ್ ಆಕ್ಸಿಜನ್ ಬಿಟ್ಟು, ತಲುಪುವಷ್ಟರಲ್ಲಿ ರೋಗಿ ಮಂಪರಿಗೆ ಜಾರಿರುತ್ತಾರೆ. ಇಂಥವರಿಗೆ ಆಕ್ಸಿಜನ್ ಸ್ಯಾಚುರೇಷನ್ ಶೇ. 88ರಿಂದ 92 ಇದ್ದರೆ ಸಾಕು; ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಏರುವುದರಿಂದ 99 ಕಂಡು ಸಮಾಧಾನಪಡುವುದೇ ಅಪಾಯ.

ಇಂಗ್ಲೆಂಡಿನಲ್ಲಿ ವಾರ್ಡಿನಲ್ಲೇ ಬೈಪ್ಯಾಪ್ ಕೊಡುವ ರೂಢಿ ಹಳೆಯದು. ಐಸಿಯು ಹಾಸಿಗೆಗಳು ಇಲ್ಲಿ ಮೊದಲಿನಿಂದಲೂ ಕಡಿಮೆ, ಹಾಗಾಗಿ ಅದರಲ್ಲಿ ಜಾಣತನಕ್ಕಿಂತ ಅನಿವಾರ್ಯತೆಯೇ ಹೆಚ್ಚು ಎನ್ನಬಹುದು. ಆದರೂ ಪುರಾವೆ ಗಟ್ಟಿಯಾಗಿಯೇ ಇದೆ. 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 14 ಆಸ್ಪತ್ರೆಗಳ 236 ರೋಗಿಗಳಿದ್ದರು. ಸಾಮಾನ್ಯ ಶ್ವಾಸಕೋಶ ವಾರ್ಡಿನಲ್ಲೇ ಬೈಪ್ಯಾಪ್ ಕೊಟ್ಟಾಗ ಆಸ್ಪತ್ರೆಯಲ್ಲಿನ ಸಾವು ಶೇ. 20ರಿಂದ 10ಕ್ಕೆ ಇಳಿಯಿತು. ಆದರೆ ಪಿಎಚ್ 7.30ಕ್ಕಿಂತ ಕಡಿಮೆ ಇದ್ದವರಿಗೆ ವಾರ್ಡಿನಲ್ಲಿ ಅಷ್ಟು ಲಾಭವಾಗಲಿಲ್ಲ. ಈ ಎರಡನೇ ಮಾತನ್ನು ಹಲವು ಆಸ್ಪತ್ರೆಗಳು ಮರೆತವು; ಯಂತ್ರ ಸಿಕ್ಕಿತೆಂದು ಯಾವುದೋ ವಾರ್ಡಿನ ಮೂಲೆಯಲ್ಲಿ ಹಾಕಿದವು. 2017ರ ರಾಷ್ಟ್ರೀಯ ಪರಿಶೀಲನೆಯಲ್ಲಿ ಬೈಪ್ಯಾಪ್ ಪಡೆದವರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಸತ್ತಿದ್ದರು ಎಂಬುದು ಹೊರಬಿತ್ತು. ಈಗ ಒತ್ತು ಕೊಡುತ್ತಿರುವುದು ಶ್ವಾಸಕೋಶ ವಾರ್ಡಿಗೆ ಅಂಟಿಕೊಂಡ ಪ್ರತ್ಯೇಕ ಘಟಕಕ್ಕೆ: ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್, ಆಸ್ಪತ್ರೆಗೆ ಬಂದ ಎರಡು ಗಂಟೆಯೊಳಗೆ ಮಾಸ್ಕ್.

ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬೇಕಿರುವುದೂ ಇಂಥ ನಾಲ್ಕು ಹಾಸಿಗೆಯ ಕೋಣೆಯೇ. ಪಿಎಚ್ 7.25ರಿಂದ 7.35, ಎಚ್ಚರವಿದ್ದಾರೆ, ಕಫ ಉಗುಳಬಲ್ಲರು ಎಂದರೆ ಇಲ್ಲಿಗೆ. ಅದಕ್ಕಿಂತ ಕೆಳಗಿದ್ದು, ಬೇಕಾದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಬೇಕು ಎಂದು ನಿರ್ಧಾರವಾಗಿದ್ದರೆ ನೇರ ಐಸಿಯು. ಆ ನಿರ್ಧಾರವನ್ನು ಮಾಸ್ಕ್ ಕಟ್ಟುವ ಹೊತ್ತಿಗೇ ಮನೆಯವರೊಂದಿಗೆ ಮಾತಾಡಿ ಕೇಸ್ ಶೀಟಿನಲ್ಲಿ ಬರೆಯಬೇಕು, ರಾತ್ರಿ ಎರಡಕ್ಕೆ ಡ್ಯೂಟಿ ಡಾಕ್ಟರ ತಲೆಗೆ ಕಟ್ಟಬಾರದು. ನ್ಯುಮೋನಿಯಾದಿಂದ ಆಕ್ಸಿಜನ್ ಮಾತ್ರ ಕುಸಿದವರನ್ನು ಈ ಕೋಣೆಗೆ ತರಬೇಡಿ, ಅದು ಬೇರೆಯೇ ಸಮಸ್ಯೆ.

ಕೋಣೆಯಲ್ಲಿ ಎಡವುವುದು ಸಣ್ಣ ವಿಷಯಗಳಲ್ಲಿ. ಮಾಸ್ಕನ್ನೇ ನೋಡಿ. ಒಂದೇ ಕೊಳವೆಯ ಬೈಪ್ಯಾಪ್ ಯಂತ್ರಕ್ಕೆ ಮಾಸ್ಕಿನಲ್ಲಿ ಅಥವಾ ಕೊಳವೆಯಲ್ಲಿ ಗಾಳಿ ಹೊರಹೋಗುವ ರಂಧ್ರ ಇರಲೇಬೇಕು. ಐಸಿಯು ವೆಂಟಿಲೇಟರಿನ ಎರಡು ಕೊಳವೆಗೆಂದು ಮಾಡಿದ ರಂಧ್ರವಿಲ್ಲದ ಮಾಸ್ಕನ್ನು, ಸ್ಟೋರಿನಲ್ಲಿ ಅದೇ ಸಿಕ್ಕಿತೆಂದು ಇದಕ್ಕೆ ಸಿಕ್ಕಿಸಿದರೆ ರೋಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಸ್ಯಾಚುರೇಷನ್ ಚೆನ್ನಾಗಿಯೇ ಕಾಣುತ್ತದೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತಲೇ ಹೋಗುತ್ತದೆ. ರಂಧ್ರದಿಂದ ಗಾಳಿ ಬರುವುದನ್ನು ಲೀಕ್ ಅಂದುಕೊಂಡು ಪ್ಲಾಸ್ಟರ್ ಹಚ್ಚುವುದೂ ಉಂಟು!

ಎರಡನೆಯದು ಒತ್ತಡ. 10/5ಕ್ಕೆ (ಉಸಿರೆಳೆಯುವಾಗ 10, ಬಿಡುವಾಗ 5) ಇಟ್ಟು ರಾತ್ರಿಯಿಡೀ ಹಾಗೇ ಬಿಡುವುದು ಬಹಳ ಸಾಮಾನ್ಯ. ಒಳ-ಹೊರ ಒತ್ತಡಗಳ ನಡುವಿನ ಅಂತರವೇ ಕಾರ್ಬನ್ ಡೈಆಕ್ಸೈಡನ್ನು ಹೊರದಬ್ಬುವುದು. ಐದರ ಅಂತರದಿಂದ ಆಗುವಂಥದ್ದು ಅಷ್ಟಕ್ಕಷ್ಟೆ. 15/4ರಿಂದ ಶುರುಮಾಡಿ, ರೋಗಿ ಒಗ್ಗಿಕೊಂಡಂತೆ ಅರ್ಧ ಗಂಟೆಯೊಳಗೆ ಒಳ ಒತ್ತಡವನ್ನು 20–25ಕ್ಕೆ ಏರಿಸಬೇಕು. ಮೊದಲ ಕೆಲವು ನಿಮಿಷ ಪಟ್ಟಿ ಬಿಗಿಯದೆ ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದರೆ ಗಾಬರಿ ಇಳಿಯುತ್ತದೆ. ಆಮೇಲೆ ಪಟ್ಟಿಯಡಿ ಎರಡು ಬೆರಳು ಹೋಗುವಷ್ಟೇ ಬಿಗಿ. ಅದಕ್ಕಿಂತ ಬಿಗಿದರೆ ಒಂದೇ ರಾತ್ರಿಗೆ ಮೂಗಿನ ಮೇಲೆ ಹುಣ್ಣು, ಮರುದಿನ ಅವರು ಮಾಸ್ಕ್ ಮುಟ್ಟಲೂ ಒಪ್ಪುವುದಿಲ್ಲ. ಹಲ್ಲಿನ ಸೆಟ್ ಇದ್ದರೆ ತೆಗೆಯಬೇಡಿ, ತೆಗೆದರೆ ಕೆನ್ನೆ ಒಳಸೇರಿ ಗಾಳಿ ಸೋರುತ್ತದೆ.

ಮಾಸ್ಕ್ ಕಟ್ಟಿದ ಒಂದು ಗಂಟೆಗೆ, ನಾಲ್ಕು ಗಂಟೆಗೆ ಎಬಿಜಿ (ಅಪಧಮನಿಯ ರಕ್ತದಲ್ಲಿ ಪಿಎಚ್ ಮತ್ತು ಅನಿಲಗಳನ್ನು ಅಳೆಯುವ ಪರೀಕ್ಷೆ). ಎಬಿಜಿ ಯಂತ್ರ ಐಸಿಯುನಲ್ಲಿ ಮಾತ್ರ ಇದ್ದು, ಸಿರಿಂಜ್ ಹಿಡಿದು ಎರಡು ಮಹಡಿ ಹತ್ತಬೇಕಾದರೆ ಎರಡನೇ ಎಬಿಜಿ ಆಗುವುದೇ ಇಲ್ಲ. ಎಬಿಜಿ ಹತ್ತಿರವಿಲ್ಲದ ವಾರ್ಡಿನಲ್ಲಿ ಬೈಪ್ಯಾಪ್ ಶುರುಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯುಪಿಎಸ್ ಕೂಡ ಕಡ್ಡಾಯ, ಬ್ಯಾಟರಿಯಿಲ್ಲದ ಯಂತ್ರಗಳು ಕರೆಂಟ್ ಹೋದೊಡನೆ ನಿಲ್ಲುತ್ತವೆ.

ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು: ಪಕ್ಕದಲ್ಲಿ ಮನೆಯವರು ಇರುತ್ತಾರೆ. ಬಾಯಿ ಒದ್ದೆ ಮಾಡಲು, ಧೈರ್ಯ ಹೇಳಲು, ಮಾಸ್ಕ್ ಜಾರಿದರೆ ಕೂಗಲು ಅವರಿಗಿಂತ ಬೇರೆಯವರು ಬೇಕಿಲ್ಲ. ಗಂಜಿ ಕುಡಿಸಲೆಂದು ತಾವೇ ಮಾಸ್ಕ್ ಬಿಚ್ಚದಂತೆ ಹೇಳಿಕೊಟ್ಟರಾಯಿತು. ಮೊದಲ 24 ಗಂಟೆ ಊಟ, ಮಾತ್ರೆ, ನೆಬ್ಯುಲೈಸರಿಗೆ ಮಾತ್ರ ಬಿಡುವು, ಅದೂ ಸಿಸ್ಟರ್ ಎದುರಿಗೇ. ಇನ್ನು ರಾತ್ರಿ ಪಾಳಿ. ಬೇರೆ ವಾರ್ಡಿನಲ್ಲಿ ಜನ ಕಡಿಮೆಯೆಂದು ಈ ಕೋಣೆಯ ಸಿಸ್ಟರನ್ನು ಅತ್ತ ಕಳಿಸುವ ಆಸ್ಪತ್ರೆ, ರೋಗಿಯನ್ನು ಐಸಿಯುನಲ್ಲೇ ಇಟ್ಟುಕೊಳ್ಳುವುದು ಲೇಸು.