ಅತೃಪ್ತ, ಅನರ್ಹ, ಸಚಿವ

ಕನ್ನಡದ ನಿಘಂಟುಕಾರರನ್ನು ನೆನೆದರೆ ನನಗೆ ಮರುಕವಾಗುತ್ತದೆ. ‘ಪಕ್ಷಾಂತರಿ’ ಎಂಬ ಶಬ್ದಕ್ಕೆ ಅವರು ಅರ್ಥ ಬರೆದು ಮುಗಿಸುವಷ್ಟರಲ್ಲಿ, ಅದನ್ನು ಹೊತ್ತವರು ಬೇರೊಂದು ಶಬ್ದದ ಮನೆಗೆ ಗೃಹಪ್ರವೇಶ ಮಾಡಿರುತ್ತಾರೆ.

2019ರ ಜುಲೈಯಲ್ಲಿ ರಾಜೀನಾಮೆ ಬರೆದು ಮುಂಬಯಿಯ ಹೋಟೆಲು ಸೇರಿದ ನಮ್ಮ ಶಾಸಕರನ್ನು ಪತ್ರಿಕೆಗಳು ‘ಅತೃಪ್ತರು’ ಎಂದು ಕರೆದವು. ಪಂಕ್ತಿಯಲ್ಲಿ ಹೋಳಿಗೆ ಬಡಿಸಲಿಲ್ಲವೆಂದು ಮದುವೆಮನೆಯಿಂದ ಎದ್ದುಬಂದ ಬೀಗರಿಗೂ ಇದೇ ಮಾತು ಸಲ್ಲುತ್ತದೆ. ತಿಂಗಳು ಮುಗಿಯುವುದರೊಳಗೆ ಸಭಾಧ್ಯಕ್ಷರು ಹದಿನೇಳು ಮಂದಿಯನ್ನು ‘ಅನರ್ಹರು’ ಎಂದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದು ನವೆಂಬರ್ 13ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಅನರ್ಹರೇ ಅರ್ಹ ಅಭ್ಯರ್ಥಿಗಳಾದರು; ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಗೆದ್ದವರ ಪೈಕಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ‘ಮಾನ್ಯ ಸಚಿವರು’ ಆದರು. ಅಷ್ಟಾದರೂ ಹೊಸ ಪಕ್ಷದ ಹಳಬರು ಇವರನ್ನು ‘ವಲಸಿಗರು’ ಎನ್ನುವುದನ್ನು ಬಿಡಲಿಲ್ಲ. ರಾಯಚೂರು, ಯಾದಗಿರಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಬರುವವರು ಈ ಹೆಸರಿನ ಮೇಲೆ ಹಕ್ಕು ಸಾಧಿಸಿ ದಾವೆ ಹೂಡದಿರುವುದು ಅವರ ದೊಡ್ಡತನ.

ಕಾನೂನಿನ ಕನ್ನಡವೇನೂ ಕಡಿಮೆಯದಲ್ಲ. 1985ರಲ್ಲಿ ಪಕ್ಷಾಂತರ ತಡೆಯಲೆಂದು ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಶಾಸಕರ ಮೂರನೇ ಒಂದು ಪಾಲು ಹೊರನಡೆದರೆ ಅದು ‘ವಿಭಜನೆ’ಯಾಗಿತ್ತು, 2003ರಲ್ಲಿ ಆ ಬಾಗಿಲು ಮುಚ್ಚಿತಾದರೂ, ಮೂವರಲ್ಲಿ ಇಬ್ಬರು ಒಪ್ಪಿ ಹೋಗುವ ‘ವಿಲೀನ’ದ ಬಾಗಿಲು ತೆರೆದೇ ಇದೆ. ಚಿಲ್ಲರೆಯಾಗಿ ಹೋದರೆ ಅಪರಾಧ, ಸಗಟಾಗಿ ಹೋದರೆ ಸಿದ್ಧಾಂತ.

ಹಳಗನ್ನಡಕ್ಕೆ ಈ ಚಿಂತೆಯಿರಲಿಲ್ಲ. ಜೋಳವಿಕ್ಕಿದ ಒಡೆಯನ ಋಣ ತೀರಿಸುವುದಕ್ಕೆ ‘ಜೋಳವಾಳಿ’, ಅವನೊಡನೆ ಸಾಯುವ ಮಾತು ಕೊಡುವುದಕ್ಕೆ ‘ವೇಳೆವಾಳಿ’ ಎಂಬ ಪದಗಳಿದ್ದವು. ಇಮ್ಮಡಿ ವೀರಬಲ್ಲಾಳನಿಗೆ ಹಾಗೆ ಮಾತು ಕೊಟ್ಟು ಪ್ರಾಣ ನೀಗಿದ ಕುವರಲಕ್ಷ್ಮನ ಗರುಡಗಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿದೆ. (ಶಾಸಕರ ಪ್ರವಾಸದ ಬಸ್ಸುಗಳು ಯಾಕೋ ಆ ದಾರಿ ಹಿಡಿಯುವುದಿಲ್ಲ, ಅಲ್ಲಿ ಈಜುಕೊಳವಿಲ್ಲದ್ದು ಕಾರಣವಿರಬೇಕು.)

ಆದರೂ ನಿಘಂಟುಕಾರರಿಗೆ ಒಂದು ಅನುಕೂಲವಿದೆ. ‘ಪಕ್ಷ’ವೆಂದರೆ ಹದಿನೈದು ದಿನವೆಂಬ ಅರ್ಥ ಪಂಚಾಂಗದಲ್ಲಿ ಮೊದಲೇ ಇದೆ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನಗಳಲ್ಲಿ ಮೂರು ಬಾರಿ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ಮಾತಿಗೆ ಕಾರಣರಾದರು; ಚಂದ್ರನಿಗಾದರೂ ತಿಂಗಳಿಗೆ ಎರಡೇ ಪಕ್ಷ.