ಡಾಕ್ಟರ್ ಕೇಳಿದ್ದು ಅಮ್ಮನನ್ನು, ಉತ್ತರ ಕೊಟ್ಟಿದ್ದು ನಾವು

ನಮ್ಮಮ್ಮನಿಗೆ ಬಂದಿರೋದು ಖಿನ್ನತೆ ಅಂತ ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಮೊದಲು ಥೈರಾಯ್ಡ್ ಅಂದುಕೊಂಡೆವು, ಆಮೇಲೆ ದೃಷ್ಟಿ. ಕೊನೆಗೆ ಮನೋವೈದ್ಯರ ಹತ್ತಿರ ಹೋದಾಗ ಅಪ್ಪ, ಅಣ್ಣ, ನಾನು ಮೂವರೂ ಅವಳ ಹಿಂದೆಯೇ ಒಳಗೆ ನುಗ್ಗಿದೆವು.

"ನಿದ್ದೆ ಬರುತ್ತಾಮ್ಮಾ?"

"ಎಲ್ಲಿ ಸಾರ್, ಮೂರು ಗಂಟೆಗೇ ಎದ್ದು ಕೂತಿರ್ತಾಳೆ" ಅಂದರು ಅಪ್ಪ.

"ಊಟ?"

"ಎರಡೇ ತುತ್ತು" ಅಂದೆ ನಾನು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಹತ್ತು ನಿಮಿಷಕ್ಕೆ ಚೀಟಿ ಕೈಗೆ ಬಂತು. ಅವಳು ಬಾಯಿಯನ್ನೇ ಬಿಟ್ಟಿರಲಿಲ್ಲ.

ಹಾಗಾಗಿ "ಚಿಕಿತ್ಸೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳಬೇಕು" ಅಂತ ಯಾರಾದರೂ ಹೇಳಿದರೆ ನನಗೆ ಸ್ವಲ್ಪ ನಗು ಬರುತ್ತೆ. ನಮ್ಮಲ್ಲಿ ಮನೆಯವರು ಹೊರಗಿದ್ದಿದ್ದಾದರೂ ಯಾವಾಗ? 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ಆದರೆ ಅಲ್ಲಿ ಅವರಿಗೆ ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಕೂರಿಸಿಕೊಂಡು ಹೇಳುತ್ತಿದ್ದರು. ನಮಗೆ ಚೀಟಿ ಕೊಟ್ಟು ಕಳಿಸಿದರು, ಅಷ್ಟೇ.

ಹತ್ತನೇ ದಿನ ಅಪ್ಪ ಮಾತ್ರೆ ನಿಲ್ಲಿಸಿಬಿಟ್ಟರು. "ಹೊಟ್ಟೆ ತೊಳಸುತ್ತೆ ಅಂತಾಳೆ, ಗುಣ ಏನೂ ಕಾಣ್ತಿಲ್ಲ. ಸುಮ್ನೆ ಅಭ್ಯಾಸ ಆಗಿಬಿಡುತ್ತೆ." ಆ ಮಾತ್ರೆಗಳಲ್ಲಿ ತೊಂದರೆ ಮೊದಲು, ಗುಣ ಆಮೇಲೆ. ಕೆಲಸ ಶುರುವಾಗೋಕೇ ಎರಡರಿಂದ ನಾಲ್ಕು ವಾರ ಬೇಕು. ಹುಷಾರಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ತಗೋಬೇಕು. ಇದನ್ನು ಹೇಳೋಕೆ ಎರಡು ನಿಮಿಷ ಸಾಕಿತ್ತು. ಅಪ್ಪನ ಮೇಲೆ ಬಹಳ ದಿನ ಸಿಟ್ಟಿತ್ತು ನನಗೆ, ಈಗಿಲ್ಲ.

ಎರಡನೇ ಡಾಕ್ಟರ್ ಹೆಣ್ಣುಮಗಳು. ನಮ್ಮನ್ನೆಲ್ಲ ಹೊರಗೆ ಕೂರಿಸಿ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿದರು. ಆಮೇಲೆ "ನಿಮ್ಮ ವಿಷಯ ಮನೆಯಲ್ಲಿ ಯಾರಿಗೆ ಹೇಳಲಿ?" ಅಂತ ಅವಳನ್ನೇ ಕೇಳಿದರಂತೆ. ಅಮ್ಮ ಹೇಳಿದ್ದು ಅರಸೀಕೆರೆಯ ಚಿಕ್ಕಮ್ಮನ ಹೆಸರು! ಅಪ್ಪನ ಮುಖ ನೋಡಬೇಕಿತ್ತು. ಆದರೆ ಕಾನೂನೂ ಅಮ್ಮನ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕಾಯಿಲೆಯ ವಿವರ ರೋಗಿಯ ಗುಟ್ಟು. ತನ್ನ ಪರವಾಗಿ ನಿಲ್ಲುವವರನ್ನು ಅವರೇ ಆರಿಸಿಕೊಳ್ಳಬಹುದು, ಗಂಡನೇ ಆಗಬೇಕೆಂದಿಲ್ಲ. ಕೆಲವು ಮನೆಗಳಲ್ಲಿ ಕಾಯಿಲೆಗೆ ಕಾರಣವೇ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೆ, ಅಲ್ವಾ?

ಮುಂದಿನ ಸಲ ಅಮ್ಮ ಒಪ್ಪಿದ ಮೇಲೆ ನಮ್ಮನ್ನೂ ಕರೆದರು. "ದೇವರು ಎಲ್ಲಾ ಕೊಟ್ಟಿದ್ದಾನೆ, ನಿನಗೇನು ಕಮ್ಮಿ" ಅನ್ನೋದನ್ನು ಮೊದಲು ನಿಲ್ಲಿಸಿ ಅಂದರು. ನಾವು ಅದನ್ನು ಧೈರ್ಯ ಹೇಳೋದು ಅಂದುಕೊಂಡಿದ್ದೆವು. ಅವಳಿಗೆ ಅದು ಕೊಂಕಾಗಿಯೇ ಕೇಳಿಸುತ್ತಿತ್ತು. ಮನೆಯವರ ಕೊಂಕು ಜಾಸ್ತಿ ಇದ್ದ ಕಡೆ ಖಿನ್ನತೆ ಮರುಕಳಿಸೋದೂ ಜಾಸ್ತಿ ಅಂತ 1976ರಲ್ಲೇ ಇಂಗ್ಲೆಂಡಿನಲ್ಲಿ ವಾನ್ ಮತ್ತು ಲೆಫ್ ಅನ್ನುವ ಸಂಶೋಧಕರು ಕಂಡುಕೊಂಡಿದ್ದರಂತೆ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟಲ್ಲ ಅಂತಲೂ ಹೇಳಿದರು. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಫೋನ್ ಮಾಡಬಹುದು. ನಮ್ಮ ಫ್ರಿಜ್ ಮೇಲೆ ಇನ್ನೂ ಅಂಟಿಸಿದೆ.

ಹೋದ ತಿಂಗಳು ಮತ್ತೆ ತೋರಿಸಲು ಹೋಗಿದ್ದೆವು. "ನಿದ್ದೆ ಹೇಗಿದೆ?" ಅಂದರು ಡಾಕ್ಟರ್. ಅಪ್ಪ ಬಾಯಿ ತೆಗೆದರು, ಅಮ್ಮನ ಕಡೆ ನೋಡಿ ಮುಚ್ಚಿಕೊಂಡರು.

"ಬರುತ್ತೆ ಮೇಡಂ" ಅಂದಳು ಅಮ್ಮ. "ಇವರ ಗೊರಕೆಗೆ ಏನಾದ್ರೂ ಮಾತ್ರೆ ಇದ್ಯಾ?"